ಬೆನ್ನ ಮೇಲಿನ ಚಿತ್ರಕ್ಕಾಗಿ ಒಂದು ಜಾಕೆಟ್: ಈಸ್ಟ್‌ಮನ್ ಅವರ ರಫ್ ವೇರ್ ಎ-2 ವಿಮರ್ಶೆ

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ವೈಮಾನಿಕರು ತೊಡುತ್ತಿದ್ದ ಎ-2 ಚರ್ಮದ ಜಾಕೆಟ್‌ನ ಪ್ರತಿಕೃತಿಗಳು ಈಗ ಹತ್ತಾರು ಬೆಲೆಗಳಲ್ಲಿ ದೊರೆಯುತ್ತವೆ. ಇಂಗ್ಲೆಂಡಿನ ಡೆವನ್‌ನಲ್ಲಿರುವ ಈಸ್ಟ್‌ಮನ್ ಲೆದರ್ ಕ್ಲೋದಿಂಗ್ ಸಂಸ್ಥೆಯ ರಫ್ ವೇರ್ ಮಾದರಿ ಅವುಗಳಲ್ಲಿ ದುಬಾರಿ ಸಾಲಿಗೆ ಸೇರಿದ್ದು. ಸಾಗಣೆ ವೆಚ್ಚ ಮತ್ತು ಸುಂಕ ಸೇರಿದರೆ ಲಕ್ಷ ರೂಪಾಯಿ ದಾಟುತ್ತದೆ. ನಾನು ಅದನ್ನು ಕೊಂಡದ್ದು ಮುಖ್ಯವಾಗಿ ಬೆನ್ನ ಮೇಲೆ ಚಿತ್ರ ಬರೆಯುವುದಕ್ಕಾಗಿ. ಆದ್ದರಿಂದ ಈ ವಿಮರ್ಶೆ ಎರಡು ಪ್ರಶ್ನೆಗಳ ಸುತ್ತ ಇರುತ್ತದೆ: ಈ ಚರ್ಮ ಬಣ್ಣವನ್ನು ಹೇಗೆ ಹಿಡಿಯುತ್ತದೆ, ಮತ್ತು ಇಂಥ ಉಡುಪಿನ ಮೇಲೆ ಏನನ್ನು ಬರೆಯುವುದು ಸರಿ.

ಅಮೆರಿಕದ ಸೇನಾ ವಾಯುದಳ ಎ-2 ಜಾಕೆಟನ್ನು ಅಂಗೀಕರಿಸಿದ್ದು 1931ರಲ್ಲಿ. ಸರ್ಕಾರ ಒಂದೇ ನಕ್ಷೆ ಕೊಟ್ಟರೂ ಹೊಲಿದವರು ಅನೇಕರು. ಒಬ್ಬೊಬ್ಬ ಗುತ್ತಿಗೆದಾರನ ಕಾಲರ್‌ನ ಮೊನೆ, ಜೇಬಿನ ಮುಚ್ಚಳದ ಬಾಗು, ಭುಜಪಟ್ಟಿಯ ಹೊಲಿಗೆ ಒಂದೊಂದು ರೀತಿ. ಪೆನ್ಸಿಲ್ವೇನಿಯಾದ ಮಿಡಲ್‌ಟೌನ್‌ನ ರಫ್ ವೇರ್ ಕಂಪನಿ ಅಂಥ ದೊಡ್ಡ ಗುತ್ತಿಗೆದಾರರಲ್ಲೊಂದು. ಸಾಮಾನ್ಯ ಅಂಗಡಿಗಳು ಎಲ್ಲವನ್ನೂ ಬೆರೆಸಿ ಒಂದು ಎ-2 ಮಾಡುತ್ತವೆ. ಈಸ್ಟ್‌ಮನ್‌ನವರು ನಿರ್ದಿಷ್ಟ ಗುತ್ತಿಗೆಯೊಂದನ್ನು ಹಿಡಿದು, ಅದರ ಕತ್ತರಿಕೆಯನ್ನೇ ಅನುಸರಿಸುತ್ತಾರೆ. ಸಂಗ್ರಹಕಾರರು ಇವರಿಗೆ ಹಣ ಕೊಡಲು ಇದೇ ಮೊದಲ ಕಾರಣ.

ಕೈಗೆ ಬಂದ ಜಾಕೆಟ್ ಕುದುರೆ ಚರ್ಮದ್ದು, ಕಡುಗಂದು ಬಣ್ಣದ್ದು. ಮೊದಲು ಬಿಗಿಯಾಗಿ, ಸ್ವಲ್ಪ ಮೊಂಡಾಗಿ ಇರುತ್ತದೆ. ತೊಟ್ಟಂತೆಲ್ಲ ಮೊಣಕೈಯ ಬಳಿ ಸುಕ್ಕುಗಳು ಮೂಡಿ, ಮೇಲ್ಪದರ ಸವೆದ ಕಡೆ ಒಳಗಿನ ತಿಳಿಗಂದು ಇಣುಕಲು ಶುರುವಾಗುತ್ತದೆ. ಕಾಲರ್‌ನ ತುದಿಗಳನ್ನು ಹಿಡಿದಿಡುವ ಟಿಚ್ ಬಟನ್‌ಗಳು ಹೊರಗೆ ಕಾಣದಂತೆ ಕೆಳಗೆ ಅಡಗಿವೆ, ಗಂಟಲ ಬಳಿ ಹುಕ್ಕು ಇದೆ, ಲೋಹದ ಜಿಪ್‌ನ ಹಿಂದೆ ಗಾಳಿ ತಡೆಯುವ ಪಟ್ಟಿ ಇದೆ. ಕೈಯ ತುದಿಗೂ ಸೊಂಟಕ್ಕೂ ಹೆಣೆದ ಉಣ್ಣೆಯ ಪಟ್ಟಿ. ಕೈ ಬೆಚ್ಚಗಿಡುವ ಅಡ್ಡಜೇಬುಗಳು ಮೂಲದಲ್ಲಿ ಇರಲಿಲ್ಲ, ಇಲ್ಲೂ ಇಲ್ಲ. ಅಳತೆ ಯುದ್ಧಕಾಲದ್ದೇ ಆದ್ದರಿಂದ ಸೊಂಟದ ಹತ್ತಿರವೇ ಮುಗಿಯುತ್ತದೆ, ಎದೆಯಲ್ಲಿ ಮೈಗೆ ಹತ್ತಿಕೊಂಡಿರುತ್ತದೆ. ಒಳಗೆ ದಪ್ಪ ಸ್ವೆಟರ್ ಹಾಕಬೇಕೆನ್ನುವವರು ಒಂದು ಅಳತೆ ದೊಡ್ಡದನ್ನೇ ತರಿಸಿಕೊಳ್ಳುವುದು ಒಳ್ಳೆಯದು.

ಚಿತ್ರ ಬರೆಯುವವನ ಕಣ್ಣಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಬೆನ್ನು. ಎ-2ರ ಬೆನ್ನು ನಡುವೆ ಹೊಲಿಗೆಯಿಲ್ಲದ ಒಂದೇ ತುಂಡು ಚರ್ಮ. ಅಂದಿನ ಹುಡುಗರು ಇದೇ ಜಾಕೆಟ್ ಮೇಲೆ ಅಷ್ಟೊಂದು ಚಿತ್ರ ಬರೆಸಿಕೊಳ್ಳಲು ಆ ಅಖಂಡ ಹಾಳೆಯೂ ಒಂದು ಕಾರಣ ಎಂದು ನನಗೆ ಅನ್ನಿಸುತ್ತದೆ. ಈ ಮೊದಲು ಬೇರೊಂದು ಅಂಗಡಿಯಿಂದ ಕಾಲು ಭಾಗ ಬೆಲೆಗೆ ತರಿಸಿದ್ದ ಜಾಕೆಟ್‌ನ ಬೆನ್ನನ್ನು ಮೂರು ತುಂಡು ಜೋಡಿಸಿ ಹೊಲಿದಿದ್ದರು. ಚರ್ಮದ ಮೇಲೆ ಪ್ಲಾಸ್ಟಿಕ್‌ನಂಥ ದಪ್ಪ ಲೇಪವಿತ್ತು. ಎಷ್ಟು ಉಜ್ಜಿದರೂ ಆ ಲೇಪ ಬಿಡಲಿಲ್ಲ, ಬಿಡದ ಕಡೆ ಬಣ್ಣ ನಿಲ್ಲಲಿಲ್ಲ. ಹೆಗಲು ಮಡಿಸುವ ಜಾಗದಲ್ಲಿ ಕೆಲವೇ ವಾರಗಳಲ್ಲಿ ಹೊಪ್ಪಳಿಕೆ ಎದ್ದು ಉದುರಿತು. ಅಗ್ಗದ ಜಾಕೆಟ್ ಕೊಳ್ಳುವುದೇ ಆದರೆ ಬೆನ್ನು ಒಂದೇ ತುಂಡೇ ಎಂದು ಕೇಳಿ, ಫೋಟೋ ತರಿಸಿ ನೋಡಿಯೇ ಕೊಳ್ಳಬೇಕು.

ಈಸ್ಟ್‌ಮನ್ ಜಾಕೆಟ್‌ನ ಮೇಲ್ಪದರ ತೆಳುವಾಗಿರುವುದರಿಂದ ಕೆಲಸ ಸುಲಭವಾಯಿತು. ಬಣ್ಣಕ್ಕೆ ನಾನು ಬಳಸಿದ್ದು ಅಮೆರಿಕದ ಆಂಜೆಲಸ್ ಕಂಪನಿಯ ಚರ್ಮದ ಅಕ್ರಿಲಿಕ್. ಇದು ನೀರಿನಲ್ಲಿ ಕದಡುವ ಬಣ್ಣ. ಒಣಗಿದ ಮೇಲೂ ಚರ್ಮದ ಜೊತೆ ಬಾಗುತ್ತದೆ. ಮೊದಲು ಅದೇ ಕಂಪನಿಯ ಹೊಳಪು ತೆಗೆಯುವ ದ್ರಾವಣವನ್ನು ಹತ್ತಿಯಲ್ಲಿ ಅದ್ದಿ, ಚಿತ್ರ ಬರುವ ಜಾಗವನ್ನಷ್ಟೇ ಹಗುರವಾಗಿ ಒರೆಸಬೇಕು. ಹತ್ತಿಗೆ ಕಂದು ಹತ್ತಲು ಆರಂಭವಾದೊಡನೆ ನಿಲ್ಲಿಸಬೇಕು. ಮುಂದುವರಿದರೆ ಚರ್ಮದ ಬಣ್ಣವೇ ಏಳುತ್ತದೆ, ಒಣಗಿದ ಮೇಲೆ ಆ ಜಾಗ ತೇಪೆಯಂತೆ ಕಾಣುತ್ತದೆ. ಗಾಳಿ ತಡೆಯುವ ಪಟ್ಟಿಯ ಒಳಮೈಯಲ್ಲಿ ಮೊದಲು ಪರೀಕ್ಷಿಸಿ ನೋಡುವುದು ಲೇಸು. ಹಳದಿ ಮತ್ತು ಕೆಂಪು ಕಂದಿನ ಮೇಲೆ ನೇರವಾಗಿ ಬಂದರೆ ಮಂಕಾಗುತ್ತವೆ, ಅಡಿಯಲ್ಲಿ ಬಿಳಿ ಕೊಡಲೇಬೇಕು. ದಪ್ಪನೆಯ ಒಂದು ಲೇಪಕ್ಕಿಂತ, ಒಂದು ಒಣಗಿದ ಮೇಲೆ ಇನ್ನೊಂದರಂತೆ ತೆಳುವಾದ ಹಲವು ಲೇಪಗಳು ಬಿರುಕು ಬಿಡದೆ ಉಳಿಯುತ್ತವೆ. ಕೊನೆಗೆ ಹಚ್ಚುವ ರಕ್ಷಕ ಲೇಪ ಹೊಳಪಿಲ್ಲದ್ದೇ ಆಗಿರಲಿ. ಹೊಳೆಯುವ ಚಿತ್ರ ಈ ಜಾಕೆಟ್‌ಗೆ ಒಪ್ಪುವುದಿಲ್ಲ.

ಇನ್ನು ಏನನ್ನು ಬರೆಯಬೇಕು ಎಂಬುದು. ಇಂಗ್ಲೆಂಡಿನಿಂದ ಹಾರುತ್ತಿದ್ದ ಅಮೆರಿಕದ ಎಂಟನೆಯ ವಾಯುಸೇನೆಯ ಬಾಂಬರ್ ಸಿಬ್ಬಂದಿ ಬೆನ್ನ ಮೇಲೆ ತಮ್ಮ ವಿಮಾನದ ಹೆಸರು, ಅದರ ಮೂತಿಯ ಮೇಲಿನ ಚಿತ್ರ, ಮುಗಿಸಿದ ಪ್ರತಿ ದಾಳಿಗೆ ಒಂದೊಂದು ಪುಟ್ಟ ಬಾಂಬ್ ಬರೆಸಿಕೊಳ್ಳುತ್ತಿದ್ದರು. ಒಬ್ಬ ವೈಮಾನಿಕನ ಯುದ್ಧಸೇವೆಯ ಸರದಿ ಮುಗಿಯಲು ಮೊದಲು 25 ದಾಳಿಗಳು ಬೇಕಿದ್ದವು. 1944ರಲ್ಲಿ ಅದು 30ಕ್ಕೆ, ಆಮೇಲೆ 35ಕ್ಕೆ ಏರಿತು. ಮರಳಿ ಬರುವ ಖಾತ್ರಿಯಿಲ್ಲದ ಹುಡುಗರು ಒಂದೊಂದಾಗಿ ಕೂಡಿಸಿದ ಆ ಬಾಂಬುಗಳನ್ನು ಅಲಂಕಾರಕ್ಕೆಂದು ಸಾಲಾಗಿ ಅಚ್ಚೊತ್ತಿ ಮಾರುವ ಜಾಕೆಟ್‌ಗಳನ್ನು ನೋಡಿದರೆ ನನಗೆ ನೋವಾಗುತ್ತದೆ. ಯಾರೋ ಒಬ್ಬ ನಿರ್ದಿಷ್ಟ ವೈಮಾನಿಕನ ಜಾಕೆಟನ್ನು ಅವನ ದಳ, ಅವನ ವಿಮಾನ, ಅವನ ಲೆಕ್ಕದೊಂದಿಗೆ ನಕಲು ಮಾಡುವುದು ಗೌರವದ ಕೆಲಸ. ಹಾಗಿಲ್ಲದಿದ್ದರೆ ಲೆಕ್ಕವನ್ನು ಬಿಟ್ಟುಬಿಡುವುದೇ ಸರಿ.

ಬೆಂಗಳೂರಿನವನಾದ ನಾನು ಆರಿಸಿಕೊಂಡದ್ದು ಚೀನಾ-ಬರ್ಮಾ-ಭಾರತ ರಣರಂಗವನ್ನು. 1940ರ ಡಿಸೆಂಬರ್‌ನಲ್ಲಿ ವಾಲಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಸ್ಥಾಪಿಸಿದಾಗ ಅದಕ್ಕೆ ನೆರವಾದವರು ಅಮೆರಿಕದ ವಿಲಿಯಂ ಪಾಲಿ. ಚೀನಾದ ಪರವಾಗಿ ಜಪಾನಿನ ವಿರುದ್ಧ ಹೋರಾಡಿ ಫ್ಲೈಯಿಂಗ್ ಟೈಗರ್ಸ್ ಎಂದು ಹೆಸರಾದ ಅಮೆರಿಕದ ಸ್ವಯಂಸೇವಕ ಪೈಲಟ್‌ಗಳನ್ನು ಕಾಗದದ ಮೇಲೆ ನೌಕರರನ್ನಾಗಿ ಇಟ್ಟುಕೊಂಡಿದ್ದದ್ದು ಇದೇ ಪಾಲಿಯವರ ಕಂಪನಿ. 1943ರಲ್ಲಿ ಬೆಂಗಳೂರಿನ ಕಾರ್ಖಾನೆಯೇ ಅಮೆರಿಕದ ವಾಯುಸೇನೆಯ ಕೈಗೆ ಹೋಗಿ, ಅದರ ವಿಮಾನಗಳ ದುರಸ್ತಿಯ ದೊಡ್ಡ ಕೇಂದ್ರವಾಯಿತು. ಹೀಗಾಗಿ ಬೆನ್ನ ಮೇಲೆ ನಾನು ಬರೆದದ್ದು ಹಿಮದ ಶಿಖರಗಳ ಮೇಲೆ ಹಾರುವ ಒಂದು ಸಿ-47 ಸಾಗಣೆ ವಿಮಾನ, ಅದರ ಕೆಳಗೆ ಕಮಾನಿನಂತೆ ಬಾಗಿದ ಅಕ್ಷರಗಳಲ್ಲಿ ನಮ್ಮ ಊರಿನ ಹೆಸರು. ಅಸ್ಸಾಮಿನಿಂದ ಚೀನಾಕ್ಕೆ ಹಿಮಾಲಯದ ಪೂರ್ವ ಶ್ರೇಣಿಗಳನ್ನು ದಾಟಿ ಸಾಮಾನು ಒಯ್ಯುತ್ತಿದ್ದವರು ಆ ಮಾರ್ಗವನ್ನು ಹಂಪ್, ಅಂದರೆ ಡುಬ್ಬ, ಎನ್ನುತ್ತಿದ್ದರು, ಪ್ರತಿ ಪಯಣಕ್ಕೆ ವಿಮಾನದ ಮೈಮೇಲೆ ಒಂದು ಒಂಟೆ ಬರೆಯುವವರೂ ಇದ್ದರು. ಆ ಒಂಟೆಗಳನ್ನು ನಾನು ಬರೆಯಲಿಲ್ಲ; ಅವು ದಾಟಿ ಬಂದವರದು.

ಎಡ ಭುಜಕ್ಕೆ ಆ ರಣರಂಗದ ಲಾಂಛನ ಹಾಕಿದ್ದೇನೆ: ಗುರಾಣಿಯಾಕಾರ, ಮೇಲೆ ನೀಲಿಯಲ್ಲಿ ಚೀನಾದ ಸೂರ್ಯ ಮತ್ತು ಭಾರತದ ನಕ್ಷತ್ರ, ಕೆಳಗೆ ಕೆಂಪು-ಬಿಳಿ ಪಟ್ಟಿಗಳು. ಯುದ್ಧದ ದಿನಗಳಲ್ಲಿ ಅಮೆರಿಕನ್ನರು ಇದನ್ನು ಭಾರತದ ಕುಶಲಕರ್ಮಿಗಳಿಂದಲೇ ಚರ್ಮದಲ್ಲಿ ಕತ್ತರಿಸಿಯೋ ಜರಿ ಎಳೆಯಲ್ಲಿ ಕಸೂತಿ ಮಾಡಿಸಿಯೋ ಹಾಕಿಕೊಳ್ಳುತ್ತಿದ್ದರು. ಒಂದರಂತೆ ಒಂದಿಲ್ಲದ ಆ ಕೈಕೆಲಸ ಈಗ ಸಂಗ್ರಹಕಾರರಿಗೆ ಅಚ್ಚುಮೆಚ್ಚು. ಯಂತ್ರದಲ್ಲಿ ಹೆಣೆದ ಅಗ್ಗದ ಲಾಂಛನಕ್ಕಿಂತ ಜರಿ ಕೆಲಸ ಬಲ್ಲವರಿಂದ ಮಾಡಿಸಿದ್ದೇ ಈ ಜಾಕೆಟ್‌ಗೆ ಸಲ್ಲುತ್ತದೆ. ಬ್ಲಡ್ ಚಿಟ್ ಎನ್ನುವ ಬಟ್ಟೆಯ ತುಂಡನ್ನು, ಅಂದರೆ ಯುದ್ಧದಲ್ಲಿ ನೆರವಿಗೆ ಬಂದ ಈ ವಿದೇಶಿಯನ್ನು ಸೈನಿಕರೂ ನಾಗರಿಕರೂ ಕಾಪಾಡಿ ಎಂದು ಚೀನೀ ಭಾಷೆಯಲ್ಲಿ ಕೋರುವ ಪತ್ರವನ್ನು, ಫ್ಲೈಯಿಂಗ್ ಟೈಗರ್ಸ್ ಬೆನ್ನಿಗೇ ಹೊಲಿಸಿಕೊಂಡಿದ್ದರು. ಬೆನ್ನು ಚಿತ್ರಕ್ಕೆ ಹೋದ್ದರಿಂದ ನಾನು ಅದರ ಪ್ರತಿಯನ್ನು ಒಳಗಿನ ಅಸ್ತರಿಗೆ ಹೊಲಿಸಿದೆ. ಮುಂದೆ ಅನೇಕ ವೈಮಾನಿಕರು ಮಾಡಿದ್ದೂ ಅದನ್ನೇ. ಚರ್ಮಕ್ಕೆ ಸೂಜಿ ಚುಚ್ಚಿದ ರಂಧ್ರ ಮತ್ತೆ ಮುಚ್ಚುವುದಿಲ್ಲವಾದ್ದರಿಂದ, ಲಾಂಛನದ ಜಾಗವನ್ನು ತೊಟ್ಟು ನೋಡಿ, ಗುರುತು ಹಾಕಿ, ಚರ್ಮದ ಹೊಲಿಗೆ ಬಲ್ಲವರ ಕೈಗೇ ಕೊಡಬೇಕು.

ಸಂಸ್ಥೆ ಕೃತಕವಾಗಿ ಹಳತಾಗಿಸಿದ ಜಾಕೆಟ್‌ಗಳನ್ನೂ ಮಾರುತ್ತದೆ. ಕೆಲಸ ಅಚ್ಚುಕಟ್ಟಾಗಿದ್ದರೂ ಚಿತ್ರ ಬರೆಯುವವರಿಗೆ ನಾನು ಹೊಸದನ್ನೇ ಶಿಫಾರಸು ಮಾಡುತ್ತೇನೆ. ಬಣ್ಣವೂ ಚರ್ಮವೂ ಒಟ್ಟಿಗೆ ಸವೆದಾಗ ಬರುವ ಹೊಂದಿಕೆ ಬೇರೆ ರೀತಿಯಲ್ಲಿ ಬರುವುದಿಲ್ಲ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಇದನ್ನು ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿಡಬಾರದು, ಬೂಸ್ಟು ಹಿಡಿಯುತ್ತದೆ. ಅಗಲವಾದ ಹ್ಯಾಂಗರಿಗೆ ಹಾಕಿ, ಮೇಲೆ ಹತ್ತಿಬಟ್ಟೆ ಹೊದಿಸಿದರೆ ಸಾಕು. ಚೆನ್ನಾಗಿ ಬರೆದ ಪ್ರತಿಕೃತಿ ಕೈಬದಲಾಗುತ್ತ ಹೋದಂತೆ ಯಾರೋ ಅದನ್ನು ಯುದ್ಧಕಾಲದ ಮೂಲವೆಂದು ಮಾರುವ ಅಪಾಯ ಇದ್ದೇ ಇರುತ್ತದೆ. ಅದಕ್ಕಾಗಿ ಜೇಬಿನ ಮುಚ್ಚಳದ ಒಳಮೈಯಲ್ಲಿ, ಅಳಿಸಲಾಗದ ಶಾಯಿಯಲ್ಲಿ, ಬರೆದವರ ಹೆಸರು ಮತ್ತು ಬರೆದ ವರ್ಷವನ್ನು ಪ್ರತಿಯೊಬ್ಬರೂ ನಮೂದಿಸಿಡಬೇಕು.