ಅಂಕೋಲಾ ಕಡೆಯ ಟೆಂಟ್ ಕ್ಯಾಂಪ್: ಜಾಗ ಸರ್ಕಾರದ್ದು, ಉಸ್ತುವಾರಿ ಗುತ್ತಿಗೆದಾರರದ್ದು

ಗಾಳಿಮರದ ತೋಪು, ಟಾಯ್ಲೆಟ್ ಕಟ್ಟಡ, ಬಾವಿ ಸರ್ಕಾರದ್ದು. ಟೆಂಟು, ಅಡುಗೆ, ಬುಕಿಂಗ್, ಕಸ ತೆಗೆಯುವುದು ಖಾಸಗಿ ಗುತ್ತಿಗೆದಾರರ ಪಾಲು. ಇಲ್ಲಿ ಯಾವುದು ಚೆನ್ನಾಗಿದೆ, ಯಾವುದು ಹದಗೆಟ್ಟಿದೆ ಎಂಬುದಕ್ಕೂ ಇದೇ ಲೆಕ್ಕ.

ಟೆಂಟಿನ ಕೆಲಸ ಗಟ್ಟಿ. ಸಡಿಲ ಮರಳಿನಲ್ಲಿ ಮಾಮೂಲಿ ಗೂಟ ನಿಲ್ಲುವುದಿಲ್ಲ, ಗಾಳಿ ಜೋರಾದರೆ ಒಂದೊಂದೇ ಕಿತ್ತು ಬರುತ್ತದೆ. ಹಾಗಾಗಿ ಸಿಮೆಂಟ್ ಚೀಲಕ್ಕೆ ಮರಳು ತುಂಬಿ, ನಡುವಿಗೆ ಹಗ್ಗ ಬಿಗಿದು, ಒಂದೂವರೆ ಅಡಿ ಆಳದಲ್ಲಿ ಹೂತು ಅದಕ್ಕೆ ಟೆಂಟ್ ಕಟ್ಟಿದ್ದಾರೆ. ಉಪ್ಪುಗಾಳಿಗೆ ಜಿಪ್ ಹಿಡಿದುಕೊಳ್ಳುತ್ತದೆ. ಜೋರಾಗಿ ಎಳೆಯಬೇಡಿ, ಹಲ್ಲು ಹೋಗುತ್ತದೆ; ಹುಡುಗರಿಗೆ ಹೇಳಿದರೆ ಮೇಣದಬತ್ತಿ ತಂದು ಉಜ್ಜಿ ಕೊಡುತ್ತಾರೆ. ಊಟಕ್ಕೆ ಕುಚ್ಚಲಕ್ಕಿ ಅನ್ನ, ಬಂಗಡೆ ಸಾರು, ಸೋಲ್‌ಕಡಿ. ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಟಾಯ್ಲೆಟ್ ನೋಡಿದರೆ ಬೇಸರವಾಗುತ್ತದೆ. ನೆಲವನ್ನೇನೋ ದಿನಾ ತೊಳೆಯುತ್ತಾರೆ. ಆದರೆ ಕಬ್ಬಿಣದ ಚಿಲಕ ತುಕ್ಕು ಹಿಡಿದು ಕೂರುವುದೇ ಇಲ್ಲ. ಕಡಲ ಪಕ್ಕ ಸ್ಟೀಲ್ ಚಿಲಕವೇ ಬೇಕು. ಅದಕ್ಕಿಂತ ದೊಡ್ಡ ತಲೆನೋವು ಇಂಗುಗುಂಡಿ. ಇಲ್ಲಿ ನಾಲ್ಕು ಅಡಿ ತೋಡಿದರೆ ನೀರು. ಹುಣ್ಣಿಮೆ, ಅಮಾವಾಸ್ಯೆಯ ದೊಡ್ಡ ಉಬ್ಬರಕ್ಕೆ ಅದು ಇನ್ನೂ ಮೇಲೆ ಬರುತ್ತದೆ. ಆಗ ಗುಂಡಿಯ ನೀರು ಇಂಗದೆ ಕಮೋಡಿನಲ್ಲೇ ನಿಲ್ಲುತ್ತದೆ. ಹತ್ತಿರದ ಬಾವಿಗೆ ಸೇರುವ ಭಯ ಬೇರೆ. ಗುಂಡಿಯನ್ನು ದಿಬ್ಬದ ಮೇಲೆ ಎತ್ತರಿಸಿ ಕಟ್ಟಬೇಕು, ಇಲ್ಲವೇ ಸೋರದ ಟ್ಯಾಂಕ್ ಇಟ್ಟು ಆಗಾಗ ಸಕ್ಕಿಂಗ್ ಗಾಡಿ ಕರೆಸಬೇಕು. ಗುತ್ತಿಗೆದಾರರು ಕಟ್ಟಡ ಮುಟ್ಟುವ ಹಾಗಿಲ್ಲ. ಮುಟ್ಟಬಹುದಿದ್ದರೂ, ನಾಳೆ ಇನ್ನೊಬ್ಬರ ಪಾಲಾಗುವ ಜಾಗಕ್ಕೆ ಕೈಯಿಂದ ಯಾರು ಹಾಕುತ್ತಾರೆ?

ಇದಕ್ಕೆ ದಾರಿ ಇಲ್ಲದಿಲ್ಲ. ಅಮೆರಿಕದ ಫಾರೆಸ್ಟ್ ಸರ್ವಿಸ್ ಕೂಡ ತನ್ನ ಎಷ್ಟೋ ಕ್ಯಾಂಪ್‌ಗ್ರೌಂಡುಗಳನ್ನು ಖಾಸಗಿ ಕಂಪನಿಗಳ ಕೈಯಲ್ಲೇ ನಡೆಸುತ್ತದೆ. ಅಲ್ಲಿ 1950ರ ಗ್ರೇಂಜರ್-ಥೈ ಕಾಯ್ದೆಯಡಿ, ಇಲಾಖೆ ಒಪ್ಪಿದರೆ, ಕಂಪನಿ ಸರ್ಕಾರದ ಕಟ್ಟಡ, ನೀರಿನ ಪೈಪು ರಿಪೇರಿ ಮಾಡಿಸಿ ಆ ಖರ್ಚನ್ನು ತಾನು ಕಟ್ಟಬೇಕಾದ ಶುಲ್ಕದಲ್ಲಿ ಮುರಿದುಕೊಳ್ಳಬಹುದು. ನಮ್ಮ ಟೆಂಡರಿಗೂ ಇಂಥದೊಂದು ಷರತ್ತು ಸೇರಿಸಿದರೆ ಈ ಗುಂಡಿ ಒಂದೇ ಬೇಸಿಗೆಯಲ್ಲಿ ಸರಿಹೋಗುತ್ತದೆ.

ಹೋಗುವುದಾದರೆ ನವೆಂಬರಿನಿಂದ ಫೆಬ್ರವರಿಯೊಳಗೆ ಹೋಗಿ, ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ಬೇಡ. ಏಪ್ರಿಲ್ ಹೊತ್ತಿಗೆ ಬಾವಿ ನೀರು ಉಪ್ಪಾಗುತ್ತದೆ. ಕುಡಿಯುವ ನೀರಿನ ಕ್ಯಾನು ಯಾವಾಗ ಹೋದರೂ ಜೊತೆಗಿರಲಿ. ಪ್ರವೇಶ ಶುಲ್ಕಕ್ಕೂ ಟೆಂಟ್ ಬಾಡಿಗೆಗೂ ಬೇರೆ ಬೇರೆ ರಸೀದಿ ಕೇಳಿ ಪಡೆಯಿರಿ.