ಬೆಂಗಳೂರು–ಮಂಗಳೂರು ವಿಮಾನ: 306 ಕಿಲೋಮೀಟರಿಗೆ ಹಿಡಿಯುವ ಹೊತ್ತು

ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಮಂಗಳೂರಿನ ಬಜಪೆಗೆ ನೇರ ಗೆರೆ ಎಳೆದರೆ ಸುಮಾರು 306 ಕಿಲೋಮೀಟರ್. ಹಾಸನ, ಸಕಲೇಶಪುರ, ಶಿರಾಡಿ ಘಾಟಿಯ ಮೂಲಕ ರಸ್ತೆಯಲ್ಲಿ ಹೋದರೆ ಹೆಚ್ಚುಕಡಿಮೆ 350. ದೂರದಲ್ಲಿ ಅಂಥ ಅಂತರವೇನೂ ಇಲ್ಲದಿದ್ದರೂ ಘಾಟಿಯ ತಿರುವುಗಳಿಂದಾಗಿ ಬಸ್ಸಿಗೆ ಏಳೆಂಟು ಗಂಟೆ ಬೇಕು. ಮಂಗಳೂರಿನಲ್ಲಿರುವ ತಾಯಿಯನ್ನು ವೈದ್ಯಕೀಯ ತಪಾಸಣೆಗೆಂದು ಬೆಂಗಳೂರಿಗೆ ಕರೆತಂದು ಮರಳಿ ಬಿಡುವ ಕೆಲಸ ನನ್ನದಾದ್ದರಿಂದ, ಮೂರು ವರ್ಷಗಳಿಂದ ಈ ವಿಮಾನಗಳಲ್ಲಿ ಪದೇ ಪದೇ ಪ್ರಯಾಣಿಸಿದ್ದೇನೆ.

ಟಿಕೆಟ್ಟಿನ ಮೇಲೆ ಒಂದು ಗಂಟೆ, ಇಲ್ಲವೇ ಅದಕ್ಕಿಂತ ತುಸು ಹೆಚ್ಚಿನ ಅವಧಿ ಇರುತ್ತದೆ. ಅದು ಕೇವಲ ಹಾರಾಟದ ಹೊತ್ತಲ್ಲ. ವಿಮಾನ ತಾನು ನಿಂತಿದ್ದ ಜಾಗ ಬಿಟ್ಟು ರನ್‌ವೇವರೆಗೆ ಸಾಗುವುದು, ಸರದಿಗಾಗಿ ಕಾಯುವುದು, ಇಳಿದ ಮೇಲೆ ಮತ್ತೆ ನಿಲುಗಡೆಗೆ ಬರುವುದು ಎಲ್ಲವೂ ಅದರಲ್ಲಿ ಸೇರಿವೆ. ಜೆಟ್ ವಿಮಾನವಾದರೆ ಆಕಾಶದಲ್ಲಿ ಕಳೆಯುವುದು ನಲವತ್ತು–ನಲವತ್ತೈದು ನಿಮಿಷ ಮಾತ್ರ. ಪಂಖಗಳುಳ್ಳ ಎಟಿಆರ್ ವಿಮಾನದ ವೇಗ ಗಂಟೆಗೆ ಸುಮಾರು 500 ಕಿಲೋಮೀಟರ್ ಇರುವುದರಿಂದ ಇನ್ನೊಂದು ಹತ್ತು–ಹದಿನೈದು ನಿಮಿಷ ಹಿಡಿಯುತ್ತದೆ. ಆದರೂ ನನಗೆ ಎಟಿಆರ್ ಹೆಚ್ಚು ಇಷ್ಟ. ಅದರ ರೆಕ್ಕೆ ಕಿಟಕಿಗಳ ಮೇಲ್ಭಾಗದಲ್ಲಿರುವುದರಿಂದ ನೆಲದ ನೋಟಕ್ಕೆ ಅಡ್ಡಿಯಿಲ್ಲ. ಜೆಟ್‌ಗಿಂತ ಕೆಳಗೆ ಹಾರುವುದರಿಂದ, ಮೋಡವಿಲ್ಲದ ಬೆಳಿಗ್ಗೆ ಕುದುರೆಮುಖದ ಕಡೆಯ ಬೆಟ್ಟಸಾಲು ಮಡಿಕೆ ಮಡಿಕೆಯಾಗಿ ಕಾಣುತ್ತದೆ.

ಮನೆಯಿಂದ ಮನೆಗೆ ಲೆಕ್ಕ ಹಾಕಿದಾಗ ಮಾತ್ರ ಚಿತ್ರ ಬದಲಾಗುತ್ತದೆ. ಜಯನಗರದಿಂದ ದೇವನಹಳ್ಳಿಗೆ ವಾಯುವಜ್ರ ಬಸ್ಸಿನಲ್ಲಿ ಒಂದೂವರೆಯಿಂದ ಎರಡು ಗಂಟೆ, ಭದ್ರತಾ ತಪಾಸಣೆ ಮತ್ತು ಕಾಯುವಿಕೆಗೆ ಒಂದೂವರೆ ಗಂಟೆ, ಬಜಪೆಯ ಗುಡ್ಡದಿಂದ ಊರೊಳಗೆ ಬರಲು ಮುಕ್ಕಾಲು ಗಂಟೆ ಇವೆಲ್ಲ ವಿಮಾನದ ಒಂದು ಗಂಟೆಯ ಜೊತೆ ಸೇರಿದರೆ ಒಟ್ಟು ಸುಮಾರು ಐದು ಗಂಟೆಯಾಗುತ್ತದೆ. ಬಸ್ಸಿಗೆ ಹೋಲಿಸಿದರೆ ಉಳಿಯುವುದು ಎರಡು–ಮೂರು ಗಂಟೆ. ಒಬ್ಬನೇ ಹೋಗುವಾಗ ಅಷ್ಟಕ್ಕಾಗಿ ನಾನು ವಿಮಾನ ಹತ್ತುವುದಿಲ್ಲ. ರಾತ್ರಿ ಬಸ್ಸಿನಲ್ಲಿ ಮಲಗಿ ಬೆಳಿಗ್ಗೆ ಇಳಿಯುವುದೇ ಲೇಸು. ಆದರೆ ಮಂಡಿನೋವಿರುವ ಎಪ್ಪತ್ತಾರರ ತಾಯಿಗೆ ಗಾಲಿಕುರ್ಚಿಯ ನೆರವು ಬಾಗಿಲಿನಿಂದ ಆಸನದವರೆಗೆ ಪ್ರತಿ ಬಾರಿಯೂ ತಪ್ಪದೆ ದೊರೆತಿದೆ. ಈ ಸೇವೆಯಲ್ಲಿ ನಾನು ಮನಸಾರೆ ಮೆಚ್ಚುವ ಅಂಶ ಇದೇ.

ಮಳೆಗಾಲದ ಮಾತು ಬೇರೆ. ಬಜಪೆಯದು ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿ ಕಟ್ಟಿದ, 2,450 ಮೀಟರ್ ಉದ್ದದ ರನ್‌ವೇ. ಮಂಜು ಮತ್ತು ಮಳೆ ಕವಿದು ದಾರಿ ಕಾಣದಾದಾಗ ಪೈಲಟ್ ಇಳಿಸದಿರುವುದೇ ಸರಿ. ಒಂದು ಜುಲೈನಲ್ಲಿ ನಮ್ಮ ವಿಮಾನ ಮಂಗಳೂರಿನ ಮೇಲೆ ಸುತ್ತು ಹಾಕಿ ಬೆಂಗಳೂರಿಗೇ ಹಿಂತಿರುಗಿತು. ಅದರ ಬಗ್ಗೆ ನನ್ನ ದೂರಿಲ್ಲ. ಮರಳಿದ ಮೇಲೆ ಮುಂದಿನ ಹಾರಾಟ ಯಾವಾಗ ಎಂಬುದನ್ನು ಆ ವಿಮಾನ ಸಂಸ್ಥೆಯವರು ಮೂರು ಗಂಟೆ ಕಾಲ ತಿಳಿಸದೆ, ವಯಸ್ಸಾದವರನ್ನು ಕೌಂಟರಿನ ಮುಂದೆ ನಿಲ್ಲಿಸಿದ್ದು ಮಾತ್ರ ಇಂದಿಗೂ ನೋವುಂಟುಮಾಡುತ್ತದೆ. ಹಾಗಿದ್ದರೂ ಗುಡ್ಡ ಕುಸಿದು ಶಿರಾಡಿಯಲ್ಲಿ ಸಂಚಾರ ನಿಲ್ಲುವುದೂ ಇದೇ ತಿಂಗಳುಗಳಲ್ಲಾದ್ದರಿಂದ, ಆಗ ವಿಮಾನವನ್ನು ಬಿಟ್ಟು ರಸ್ತೆ ಹಿಡಿಯಿರೆಂದು ಯಾರಿಗೂ ಹೇಳಲಾರೆ. ಆಸ್ಪತ್ರೆಯ ದಿನಾಂಕಕ್ಕೆ ಒಂದು ದಿನ ಮುಂಚಿತವಾಗಿ ಹೊರಡಿರೆಂದಷ್ಟೇ ಹೇಳಬಲ್ಲೆ.

ಮುಂದಿನ ತಪಾಸಣೆ ನವೆಂಬರಿನಲ್ಲಿದೆ. ಬೆಳಗಿನ ಎಟಿಆರ್‌ನಲ್ಲಿ ತಾಯಿಗೆ ಎಡಬದಿಯ ಕಿಟಕಿಯ ಆಸನ ಕಾಯ್ದಿರಿಸಿದ್ದೇನೆ. ಮಂಗಳೂರಿನಿಂದ ಬರುವಾಗ ಬೆಟ್ಟಗಳು ಕಾಣುವುದು ಆ ಕಡೆಗೆ.