ತೋಟದ ಮನೆಯ ಜಗುಲಿಯಲ್ಲಿ ಕೋಬೋ: ಸೈಕಿಯಾಟ್ರಿಕ್ ನರ್ಸಿಂಗ್ ಸಂಶೋಧನೆಗೆ ಈ ಆಪ್ ಹೇಗಿದೆ?

ನಾನು ಹಾಸನ ಜಿಲ್ಲೆಯ ಒಂದು ನರ್ಸಿಂಗ್ ಕಾಲೇಜಿನಲ್ಲಿ ಸೈಕಿಯಾಟ್ರಿಕ್ ನರ್ಸಿಂಗ್ ಪಾಠ ಮಾಡುತ್ತೇನೆ. ಜೊತೆಗೆ ಪಿಎಚ್‌ಡಿ ನಡೀತಾ ಇದೆ, ಎಂ.ಎಸ್ಸಿ. ಮಕ್ಕಳಿಗೆ ಗೈಡ್ ಕೂಡ ಹೌದು. ಡೇಟಾ ಕಲೆಕ್ಷನ್ ಹತ್ತಿರ ಬಂದಾಗ ಎಲ್ಲರೂ ಕೇಳುವುದು ಒಂದೇ: "ಮೇಡಂ, ಗೂಗಲ್ ಫಾರಂ ಸಾಕಲ್ವಾ?"

ಸಾಲದು. ಲಿಂಕನ್ನು ವಾಟ್ಸಾಪ್ ಗ್ರೂಪಿಗೆ ಎಸೆದರೆ ಉತ್ತರ ಕೊಡೋರು ಇನ್ನೊಂದು ಕಾಲೇಜಿನ ನರ್ಸಿಂಗ್ ವಿದ್ಯಾರ್ಥಿಗಳೇ. ಅದಕ್ಕೆ ಡಿಜಿಟಲ್ ಹೆಲ್ತ್ ರಿಸರ್ಚ್ ಅಂತ ಹೆಸರಿಟ್ಟರೆ ನನಗಂತೂ ನಗು ಬರುತ್ತದೆ. ನಾವು ಮಾತಾಡಿಸಬೇಕಾದವರು ಅರಸೀಕೆರೆ ಕಡೆಯ ತೋಟದ ಮನೆಗಳಲ್ಲಿದ್ದಾರೆ. ಆಶಾ ಕಾರ್ಯಕರ್ತೆಯ ಜೊತೆ ಅಲ್ಲಿಗೆ ನಾವೇ ಹೋಗಬೇಕು, ಪ್ರಶ್ನೆಯನ್ನು ನಾವೇ ಓದಿ ಹೇಳಬೇಕು.

ಈ ಕೆಲಸಕ್ಕೆ ನಾನು ಬಳಸುವುದು ಫೋನಿನಲ್ಲೇ ಪ್ರಶ್ನಾವಳಿ ತುಂಬುವ ಆಪ್, ಕೋಬೋ ಟೂಲ್‌ಬಾಕ್ಸ್. ಹಾರ್ವರ್ಡ್ ಹ್ಯುಮಾನಿಟೇರಿಯನ್ ಇನಿಶಿಯೇಟಿವ್‌ನಲ್ಲಿ ಬೆಳೆದದ್ದು. ಯುದ್ಧ, ನೆರೆ, ಭೂಕಂಪ ಆದ ಜಾಗಗಳಲ್ಲಿ ಮಾಹಿತಿ ಸೇರಿಸೋರ ಕೈಯಲ್ಲಿ ಪಳಗಿದ್ದು. ಹಾಗಾಗಿ ನೆಟ್‌ವರ್ಕ್ ಇಲ್ಲದ ಕಡೆಯೂ ಕೈ ಕೊಡುವುದಿಲ್ಲ. ಫಾರಂ ಒಮ್ಮೆ ಫೋನಿಗೆ ಇಳಿಸಿಕೊಂಡರೆ ಸಾಕು. ತುಂಬಿದ್ದೆಲ್ಲ ಫೋನಿನಲ್ಲೇ ಉಳಿಯುತ್ತದೆ. ಸಿಗ್ನಲ್ ಸಿಕ್ಕ ಮೇಲೆ ಕಳಿಸಬಹುದು. ಒಬ್ಬ ವಿದ್ಯಾರ್ಥಿಯ ಥೀಸಿಸ್ಸಿಗೆ ಉಚಿತ ಖಾತೆ ಧಾರಾಳ.

ನನಗೆ ಇದು ಯಾಕೆ ಇಷ್ಟ ಅನ್ನೋದಕ್ಕೆ ಪಿಎಚ್‌ಕ್ಯೂ-9 ತಗೊಳ್ಳಿ. ಖಿನ್ನತೆ ಪತ್ತೆಗೆ ಬಳಸುವ ಒಂಬತ್ತು ಪ್ರಶ್ನೆಗಳು. ಕಳೆದ ಎರಡು ವಾರದ ಬಗ್ಗೆ ಕೇಳುತ್ತವೆ. ಪ್ರತಿ ಉತ್ತರಕ್ಕೆ 0ಯಿಂದ 3 ಅಂಕ, ಒಟ್ಟು 27. ಮೊತ್ತ 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಗಮನ ಕೊಡಲೇಬೇಕು. ಒಂಬತ್ತನೆಯ ಪ್ರಶ್ನೆ ಸಾಯುವ, ತನಗೆ ತಾನೇ ನೋವು ಮಾಡಿಕೊಳ್ಳುವ ಯೋಚನೆಯದ್ದು. ಕಾಗದದ ಕಾಲದಲ್ಲಿ ಏನಾಗುತ್ತಿತ್ತು ಹೇಳಿ? ಟಿಕ್ ಹಾಕಿದ ಹಾಳೆ ಫೈಲಿಗೆ ಹೋಗುತ್ತಿತ್ತು. ಕೂಡುವ ಕೆಲಸ ಎಷ್ಟೋ ದಿನದ ಮೇಲೆ, ಎಕ್ಸೆಲ್ ತೆರೆದಾಗ. ಆ ಹೆಂಗಸು ಒಂಬತ್ತನೆಯದಕ್ಕೆ "ದಿನಾ ಅನ್ಸುತ್ತೆ" ಅಂದಿದ್ದಳು ಅನ್ನೋದು ಅವತ್ತು ಕಣ್ಣಿಗೆ ಬೀಳುತ್ತಿತ್ತು.

ಕೋಬೋದಲ್ಲಿ ಮೊತ್ತವನ್ನು ಫಾರಂ ತಾನೇ ಕೂಡಿಬಿಡುತ್ತದೆ. ಒಂಬತ್ತನೆಯದಕ್ಕೆ ಸೊನ್ನೆ ಬಿಟ್ಟು ಬೇರೆ ಏನೇ ಉತ್ತರ ಬಂದರೂ ಮುಂದಿನ ಪುಟ ಬದಲಾಗುವ ಹಾಗೆ ಮಾಡಿಟ್ಟಿದ್ದೇನೆ. ಅಲ್ಲಿ ದಪ್ಪಕ್ಷರದಲ್ಲಿ ಬರುತ್ತದೆ: "ಎದ್ದು ಹೋಗಬೇಡಿ. ಬೇರೆಯವರಿಲ್ಲದ ಕಡೆ ಕೂತು ಮಾತಾಡಿ. ಗೈಡ್‌ಗೆ ಈಗಲೇ ಫೋನ್ ಮಾಡಿ." ಕೆಳಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416, ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ ಮಾನಸಿಕ ಆರೋಗ್ಯದ ಮನೋಚೈತನ್ಯ ಕ್ಲಿನಿಕ್ಕಿನ ವಿವರ. ಏನು ಮಾಡಿದೆವು ಅಂತ ಬರೆಯುವ ತನಕ ಫಾರಂ ಮುಂದೆ ಹೋಗುವುದಿಲ್ಲ. ಇದಕ್ಕೆ ಬೇಕಾದದ್ದು ಫಾರಂ ಬರೆಯುವ ಎಕ್ಸೆಲ್ ಹಾಳೆಯಲ್ಲಿ, ಪ್ರಶ್ನೆ ಯಾವಾಗ ಕಾಣಬೇಕು ಅಂತ ಹೇಳುವ 'ರೆಲವೆಂಟ್' ಕಾಲಂನ ಒಂದು ಸಾಲು, 'ರಿಕ್ವೈರ್ಡ್' ಕಾಲಂನಲ್ಲಿ ಒಂದು 'ಯೆಸ್'. ಆದರೆ ಆ ಸಾಲನ್ನು ಆಪ್ ತಾನಾಗಿ ಬರೆಯುವುದಿಲ್ಲ, ನರ್ಸ್ ಬರೆಯಬೇಕು. ನಮ್ಮಲ್ಲಿ ಜಾಸ್ತಿ ಜನ ಟೂಲ್ ಅಂದರೆ ಡೇಟಾ ಚೊಕ್ಕವಾಗಿ ಬರುವ ದಾರಿ ಅಂತಷ್ಟೇ ನೋಡುತ್ತಾರೆ. ನನಗೆ ಅದು ಎರಡನೆಯ ಲಾಭ.

ಇನ್ನೊಂದು ಸೌಲಭ್ಯ ಇದೆ, ಮಕ್ಕಳಿಗೆ ಇಷ್ಟವಿಲ್ಲದ್ದು. ಆಡಿಟ್ ಲಾಗ್. ಯಾವ ಪ್ರಶ್ನೆಯ ಮೇಲೆ ಎಷ್ಟು ಹೊತ್ತು ಇದ್ದರು ಅನ್ನೋದೆಲ್ಲ ದಾಖಲಾಗುತ್ತದೆ. ಬಸ್‌ಸ್ಟ್ಯಾಂಡಿನಲ್ಲಿ ಕೂತು ಸುಮ್ನೆ ತುಂಬಿಸಿದ ಫಾರಂ ಯಾವುದು ಅಂತ ಗೊತ್ತಾಗಿಬಿಡುತ್ತದೆ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಆ ಸಾಹಸಕ್ಕೆ ಹೋಗುವುದಿಲ್ಲ.

ಫೋನ್ ಹಿಡಿದು ಕೂತರೆ ಮನೆಯವರಿಗೆ ಅನುಮಾನ, ಅದು ಬೇರೆ ವಿಷಯ. ಒಂದು ಮನೆಯಲ್ಲಿ ಅತ್ತೆ ಅಡಿಕೆ ಆರಿಸುತ್ತಾ ಕೇಳಿದರು: "ಏನವ್ವಾ, ಫೋಟೋ ಏನಾದ್ರೂ ಹಿಡೀತಿದ್ದೀಯಾ? ಗೃಹಲಕ್ಷ್ಮಿ ದುಡ್ಡು ನಿಂತೋಗಲ್ಲ ತಾನೇ?" ಸೊಸೆಗೆ ಪ್ರಶ್ನೆ ಕೇಳುವ ಮೊದಲು ಅವರಿಗೆ ಪರದೆ ತೋರಿಸಿದೆ, ಕನ್ನಡದಲ್ಲೇ ಇತ್ತು, ಓದಿ ಹೇಳಿದೆ. ಆಮೇಲೆ ಆಶಾ ಕಾರ್ಯಕರ್ತೆ ಅತ್ತೆಯನ್ನು ಮಾತಿಗೆಳೆದು ಹಿತ್ತಲ ಕಡೆ ಕರೆದುಕೊಂಡು ಹೋದರು. ಇಂಥ ಉಪಾಯಕ್ಕೆ ಯಾವ ಸಾಫ್ಟ್‌ವೇರ್ ಇದೆ? ನನ್ನ ಅಭ್ಯಾಸ ಹೇಳುತ್ತೇನೆ: ಫೋನ್ ತೊಡೆಯ ಮೇಲೆ, ಕಣ್ಣು ಅವರ ಮುಖದ ಮೇಲೆ. ಪ್ರಶ್ನೆಗಳು ಬಾಯಿಪಾಠ ಆಗಿರಬೇಕು. ಪರದೆ ನೋಡಿಕೊಂಡು ಓದುವ ನರ್ಸ್‌ಗೆ ಯಾರೂ ಮನಸ್ಸು ಬಿಚ್ಚುವುದಿಲ್ಲ.

ತೊಡಕುಗಳಿಲ್ಲ ಅಂತಲ್ಲ. ಬ್ರೌಸರಿನಲ್ಲಿ ಎಳೆದು ಜೋಡಿಸಿ ಫಾರಂ ಮಾಡುವುದು ಸುಲಭ. ಆದರೆ ಕನ್ನಡ–ಇಂಗ್ಲಿಷ್ ಎರಡೂ ಇರುವ, ಷರತ್ತುಗಳಿರುವ ಫಾರಂಗೆ, ಎಕ್ಸೆಲ್ ಹಾಳೆಯಲ್ಲೇ ಫಾರಂ ಬರೆಯುವ ಪದ್ಧತಿಯಾದ ಎಕ್ಸ್‌ಎಲ್‌ಎಸ್‌ಫಾರಂ ಕಲಿತರೆ ಅನುಕೂಲ. ಒಂದು ಬ್ರ್ಯಾಕೆಟ್ ತಪ್ಪಿದರೂ ಅದು ಒಪ್ಪುವುದಿಲ್ಲ. ಒಬ್ಬರನ್ನೇ ಮೂರು ತಿಂಗಳು, ಆರು ತಿಂಗಳು ಬಿಟ್ಟು ಮತ್ತೆ ನೋಡುವ ಅಧ್ಯಯನಕ್ಕೆ ಇಂಥದ್ದೇ ಇನ್ನೊಂದು ಸಾಧನವಾದ ರೆಡ್‌ಕ್ಯಾಪ್ ವಾಸಿ. ಅದರ ಕಷ್ಟವೆಂದರೆ ಸಂಸ್ಥೆಯೇ ಒಪ್ಪಂದ ಮಾಡಿಕೊಂಡು ಸರ್ವರ್ ನೋಡಿಕೊಳ್ಳಬೇಕು. ಸಣ್ಣ ಖಾಸಗಿ ಕಾಲೇಜಿನಲ್ಲಿ ಪ್ರಿನ್ಸಿಪಾಲರ ಹತ್ತಿರ ಆ ಮಾತೆತ್ತಿ ನೋಡಿ!

ಸಂಶೋಧನೆಗೆ ಅನುಮತಿ ಕೊಡುವ ಎಥಿಕ್ಸ್ ಕಮಿಟಿ ಕೇಳೋದು ಡೇಟಾ ಎಲ್ಲಿರುತ್ತದೆ ಅಂತ. ಸರಿಯಾದ ಪ್ರಶ್ನೆಯೇ. ಕೋಬೋದ ಸಾರ್ವಜನಿಕ ಸರ್ವರ್‌ಗಳು ಅಮೆರಿಕ ಮತ್ತು ಯುರೋಪಿನಲ್ಲಿವೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ 23ನೇ ಸೆಕ್ಷನ್ ಗೋಪ್ಯತೆಯನ್ನು ರೋಗಿಯ ಹಕ್ಕು ಅನ್ನುತ್ತದೆ. ಅದಕ್ಕೇ ಹೆಸರು, ಫೋನ್ ನಂಬರ್ ಫಾರಂನಲ್ಲಿ ಇಡುವುದೇ ಇಲ್ಲ. ಕೋಡ್ ನಂಬರ್ ಮಾತ್ರ. ಹೆಸರಿನ ರಿಜಿಸ್ಟರ್ ನನ್ನ ಬೀರುವಿನಲ್ಲಿ, ಬೀಗದೊಳಗೆ. ಕಳಿಸಿದ ಮೇಲೆ ಫೋನಿನಿಂದ ತಾನಾಗಿ ಅಳಿಸುವ ಸೆಟ್ಟಿಂಗ್ ಇದೆ, ಅದನ್ನು ಹಾಕಿಕೊಳ್ಳಿ. ಮಕ್ಕಳ ಫೋನನ್ನು ಹಾಸ್ಟೆಲಿನಲ್ಲಿ ಯಾರ್‍ಯಾರು ಮುಟ್ಟುತ್ತಾರೋ.

ಐದಕ್ಕೆ ನಾಲ್ಕು ಕೊಡುತ್ತೇನೆ. ಸ್ಟ್ಯಾಟಿಸ್ಟಿಶಿಯನ್‌ಗೆ ಎಸ್‌ಪಿಎಸ್‌ಎಸ್ (ಅಂಕಿಅಂಶ ಲೆಕ್ಕದ ಸಾಫ್ಟ್‌ವೇರ್) ಲೇಬಲ್ ಸಮೇತ ಡೇಟಾ ಕಳಿಸಬಹುದು ಅನ್ನೋದಕ್ಕೆ ಇನ್ನರ್ಧ ಕೊಟ್ಟರೂ ಕೊಡಬಹುದು. ಹಳೇ ಆಂಡ್ರಾಯ್ಡ್ ಫೋನಿನಲ್ಲೂ ಓಡುತ್ತದೆ. ಐಫೋನಿಗೆ ಆಪ್ ಇಲ್ಲ, ಬ್ರೌಸರಿನಲ್ಲೇ ತುಂಬಬೇಕು. ನಮ್ಮ ಕಾಲೇಜಿನ ಮಕ್ಕಳಿಗೆ ಆ ತೊಂದರೆ ಇನ್ನೂ ಬಂದಿಲ್ಲ ಬಿಡಿ.